ಹಿರಿಯರು ಕೊನೆಗೆ ಮಾತಾಡುವ ಸಭೆ

ನಮ್ಮ ಚಾಪೆಲಿನಲ್ಲಿ, ಎಂದರೆ ಪುಟ್ಟ ಚರ್ಚಿನಲ್ಲಿ, ಭಾನುವಾರದ ಪ್ರಸಂಗ ಮಾಡಲು ಬರುವ ಬೋಧಕರು ವಿಮಾನಕ್ಕೆ ದಾರಿ ಬಿಟ್ಟು ಮಾತಾಡುವುದನ್ನು ಕಲಿಯಬೇಕಾಗಿತ್ತು. ಲಂಡನ್ನಿನ ವಿಮಾನ ನಿಲ್ದಾಣದ ಮಗ್ಗುಲಿನ ಹೌನ್ಸ್ಲೋದ ನಮ್ಮ ಓಣಿಯ ಮೇಲೆ ವಿಮಾನಗಳು ಎಷ್ಟು ಕೆಳಗೆ ಇಳಿಯುತ್ತವೆಂದರೆ ಕೆಳಗೆ ನಿಂತು ಚಕ್ರ ಎಣಿಸಬಹುದು. ಒಂದು ವಾರ ಮಧ್ಯಾಹ್ನ ಮೂರರವರೆಗೆ ನಮ್ಮ ತಲೆಯ ಮೇಲೆ, ಮೂರರ ನಂತರ ಆಚೆ ಓಣಿಯವರ ತಲೆಯ ಮೇಲೆ, ಮರುವಾರ ಅದಲುಬದಲು. ಹೊಸದಾಗಿ ಬಂದ ಬೋಧಕರು ವಾಕ್ಯದ ನಡುವೆ ಸಿಕ್ಕಿಬಿದ್ದು ಬಾಯಿ ತೆರೆದುಕೊಂಡೇ ನಿಲ್ಲುತ್ತಿದ್ದರು. ಪಳಗಿದವರು ಮಾತ್ರ ವಿಮಾನ ಬರುವ ಹೊತ್ತಿಗೆ ಸರಿಯಾಗಿ ವಾಕ್ಯ ಮುಗಿಸಿ, ಕನ್ನಡಕ ಒರೆಸಿಕೊಂಡು, ಅದು ಹೋದ ಮೇಲೆ ಮುಂದಿನದನ್ನು ಎತ್ತಿಕೊಳ್ಳುತ್ತಿದ್ದರು. ಆ ಬಿಡುವಿನಲ್ಲಿ ನಾವು ಒಂಬತ್ತು ಮಂದಿ ಸದಸ್ಯರು ಸ್ವಲ್ಪ ಕಣ್ಣು ಮುಚ್ಚುತ್ತಿದ್ದೆವು. ಪ್ರಾರ್ಥನೆಗೆಂದು ಹೇಳಿದರೆ ಸುಳ್ಳಾಗುತ್ತದೆ.

ನಾನು ಈ ಊರಿಗೆ ಬಂದು ನಲವತ್ತು ವರ್ಷದ ಮೇಲಾಯಿತು. ನರ್ಸ್ ಕೆಲಸಕ್ಕೆಂದು ಬಂದವಳು ಹೆರಿಗೆ ವಾರ್ಡಿನಲ್ಲಿ ಶುರು ಮಾಡಿ ಮುದುಕರ ವಾರ್ಡಿನಲ್ಲಿ ಮುಗಿಸಿದೆ. ಮನೆಯವರು ವಿಮಾನ ನಿಲ್ದಾಣದ ಸರಕಿನ ಶೆಡ್ಡಿನಲ್ಲಿದ್ದರು. ನಾವು ಬೆಟಗೇರಿ ಕಡೆಯ ಕ್ರೈಸ್ತರು. ನನ್ನಜ್ಜ ವಾರದ ಆರು ದಿನ ನೇಕಾರ, ಭಾನುವಾರ ಚರ್ಚಿನ ಸಭೆಯ ಹಿರಿಯ. ಅವನ ಮಗ್ಗದ ಪಕ್ಕ ಕುಳಿತು ನಾನು ಕನ್ನಡ ಕಲಿತೆ. ಲಾಳಿ ಆ ಕಡೆ ಹೋದಾಗ ಅವನು ಅರ್ಧ ಮಾತು ಹೇಳುತ್ತಿದ್ದ, ಈ ಕಡೆ ಬಂದಾಗ ಉಳಿದರ್ಧ. ಈಗಲೂ ನಾನು ಕಥೆ ಹೇಳಿದರೆ ನಡುನಡುವೆ ನಿಲ್ಲುತ್ತೇನೆ ಎಂದು ಮಗಳು ಗೊಣಗುತ್ತಾಳೆ. ಅವಳಿಗೆ ಲಾಳಿಯ ವಿಷಯ ಗೊತ್ತಿಲ್ಲ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಬಂದ ಮೊದಲ ಚಳಿಗಾಲದಲ್ಲೇ ಆಸ್ಪತ್ರೆಯಿಂದ ಮನೆಗೆ ಹೋಗುವ ದಾರಿಯಲ್ಲಿದ್ದ ಚಾಪೆಲಿನ ಈ ಪುಟ್ಟ ಇಟ್ಟಿಗೆ ಕಟ್ಟಡದೊಳಗೆ ಹೊಕ್ಕೆ. ಬೆಚ್ಚಗಿತ್ತು, ಅದೊಂದೇ ಕಾರಣ. ಬಾಗಿಲಲ್ಲಿ ಒಬ್ಬ ಎತ್ತರದ ಹೆಂಗಸು ನಿಂತಿದ್ದಳು. ನನ್ನ ಒದ್ದೆ ಕೋಟನ್ನು ಕೇಳದೆಯೇ ತೆಗೆದುಕೊಂಡು ಹೀಟರಿನ ಮೇಲೆ ಹರವಿದಳು. ಇಲ್ಲಿಯವರು ಹಿರಿಯರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗದು ಇಂದಿಗೂ ನಾಲಿಗೆಗೆ ಬಂದಿಲ್ಲ. ಅವಳನ್ನು ನಾನು ಮನಸ್ಸಿನಲ್ಲಿ ದೊಡ್ಡವ್ವ ಎಂದೇ ಕರೆದೆ. ಈ ಬರಹದಲ್ಲಿಯೂ ಹಾಗೆಯೇ ಕರೆಯುತ್ತೇನೆ. ಇನ್ನೊಂದು ಮಾತು. ಅವಳು ಆಡುತ್ತಿದ್ದುದು ಇಂಗ್ಲಿಷ್. ಆದರೆ ನನ್ನ ಕಿವಿಗೆ ಬೀಳುವಷ್ಟರಲ್ಲಿ ಅದು ನಮ್ಮ ಕಡೆಯ ಮಾತಾಗಿರುತ್ತಿತ್ತು. ನನಗೆ ಕೇಳಿದ ಹಾಗೆಯೇ ಬರೆಯುತ್ತೇನೆ.

ಆ ಚಾಪೆಲಿಗೆ ಬಿಷಪ್ಪರಿಲ್ಲ. ಮೇಲಿನಿಂದ ಅಪ್ಪಣೆ ಕೊಡುವವರು ಯಾರೂ ಇಲ್ಲ. ಬೋಧಕರನ್ನು ಕರೆಸುವುದು, ಬಿಡುವುದು, ಹೊಸಬರನ್ನು ಸೇರಿಸಿಕೊಳ್ಳುವುದು, ಕಿಟಕಿಗೆ ಯಾವ ಬಣ್ಣ ಎನ್ನುವುದು, ಎಲ್ಲವನ್ನೂ ಸದಸ್ಯರ ಕೂಟವೇ ತೀರ್ಮಾನಿಸಬೇಕು. ಈ ಪದ್ಧತಿ ಎಲ್ಲಿಂದ ಬಂತೆಂದು ಕೇಳಿದಾಗ ದೊಡ್ಡವ್ವ ನಾನೂರು ವರ್ಷ ಹಿಂದಕ್ಕೆ ಕರೆದುಕೊಂಡು ಹೋದಳು. ರಾಜ ಹೇಳಿದ ಹಾಗೆ ಪ್ರಾರ್ಥನೆ ಮಾಡುವುದಿಲ್ಲ, ರಾಜನ ಚರ್ಚಿನಲ್ಲಿ ಇರುವುದಿಲ್ಲ ಎಂದ ಕೆಲವರು ಈ ದೇಶದಲ್ಲಿದ್ದರು. ಇತಿಹಾಸದಲ್ಲಿ ಅವರನ್ನು ಸೆಪರೇಟಿಸ್ಟರು ಎನ್ನುತ್ತಾರೆ. ನನ್ನ ಬಾಯಿಗೆ ಬೇರೆಯಾದವರು ಎನ್ನುವುದೇ ಸಲೀಸು. ನಮ್ಮಲ್ಲಿ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡು ಬೇರೆಯಾಗುತ್ತಾರಲ್ಲ, ಹಾಗೆ. ಅವರಲ್ಲಿ ಕೆಲವರನ್ನು ಇದೇ ಲಂಡನ್ನಿನ ಸೆರೆಮನೆಗಳಲ್ಲಿ ಕೊಳೆಹಾಕಿದರು. ಕೆಲವರು ಕದ್ದುಮುಚ್ಚಿ ಹಡಗು ಹತ್ತಿ ಹಾಲೆಂಡಿಗೆ ಹೋದರು. ಅಲ್ಲಿ ಲೈಡನ್ ಎಂಬ ಊರಿನಲ್ಲಿ ಹತ್ತು ಹನ್ನೆರಡು ವರ್ಷ ಇದ್ದು, ಆಮೇಲೆ ಅವರಲ್ಲೊಂದು ಪಾಲು ಕಡಲು ದಾಟಿ ಅಮೆರಿಕೆಗೆ ಹೋಯಿತು.

ನಮ್ಮ ಚಾಪೆಲು ಅವರು ಕಟ್ಟಿದ್ದೇನಲ್ಲ. ಕಟ್ಟಡಕ್ಕೆ ನೂರೈವತ್ತು ವರ್ಷವೂ ಇರಲಿಕ್ಕಿಲ್ಲ. ಆದರೆ ಪದ್ಧತಿ ಅವರದು. ಆಸುಪಾಸಿನ ಶಾಲೆಯ ಮಕ್ಕಳು ವರ್ಷಕ್ಕೊಮ್ಮೆ ನೋಡಲು ಬರುತ್ತಿದ್ದರು. ಕಥೆ ಹೇಳುವ ಕೆಲಸ ಹೇಗೋ ನನ್ನ ಕೊರಳಿಗೆ ಬಿತ್ತು. ನಾನು ಅಜ್ಜನ ಹಾಗೆ ಹೇಳುತ್ತಿದ್ದೆ: ರಾಜ, ಸೆರೆಮನೆ, ಬಿರುಗಾಳಿ, ಹಡಗು. ನಂಬಿಕೆಯ ಸ್ವಾತಂತ್ರ್ಯಕ್ಕಾಗಿ ಅವರು ಮನೆಮಠ ಬಿಟ್ಟರು ಎಂದು ಮುಗಿಸುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಮಾಸ್ತರಿಗೂ ಸಂತೋಷವಾಗುತ್ತಿತ್ತು.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಹೋದ ವರ್ಷದ ಮೊದಲಲ್ಲಿ ಚಾಪೆಲನ್ನು ಮುಚ್ಚಬೇಕೋ ನಡೆಸಬೇಕೋ ಎಂಬ ಪ್ರಶ್ನೆ ಎದುರಾಯಿತು. ಸೂರು ಸೋರುತ್ತಿತ್ತು, ಅದು ಇದ್ದದ್ದೇ. ನಿಜವಾದ ಕೊರತೆ ಜನರದು. ಪ್ರತಿ ಭಾನುವಾರಕ್ಕೆ ಒಬ್ಬ ಬೋಧಕರನ್ನು ಹುಡುಕಬೇಕು, ಬೆಳಿಗ್ಗೆ ಹೋಗಿ ಬಾಗಿಲು ತೆಗೆದು ಬಾಯ್ಲರ್ ಹೊತ್ತಿಸಬೇಕು, ಗುಡಿಸಬೇಕು, ಹೂವಿಡಬೇಕು, ಹಾಡಿನ ಪುಸ್ತಕ ಹಂಚಬೇಕು. ಇದೆಲ್ಲವನ್ನೂ ಮಾಡುತ್ತಿದ್ದವಳು ದೊಡ್ಡವ್ವ. ಅವಳಿಗೆ ಆಗ ಎಂಬತ್ತೊಂಬತ್ತು. ನಾವು ಸಹಾಯಕ್ಕೆ ಹೋದರೆ, ಬೇಡ, ನೀವು ಭಾನುವಾರ ಬಂದರೆ ಸಾಕು ಎನ್ನುತ್ತಿದ್ದಳು. ಅವಳು ಹುಟ್ಟಿದ್ದು ಹಿಂದಿನ ಓಣಿಯಲ್ಲಿ. ದೀಕ್ಷಾಸ್ನಾನದ ನೀರು ಮುಟ್ಟಿದ್ದು, ಮದುವೆಯಾಗಿದ್ದು, ಗಂಡನನ್ನು ಕಳಿಸಿಕೊಟ್ಟದ್ದು ಎಲ್ಲ ಇದೇ ಕಟ್ಟಡದಲ್ಲಿ. ಅವಳಿರುವ ತನಕ ಬಾಗಿಲು ಹಾಕಬಾರದು ಎನ್ನುವುದು ನಮ್ಮೆಲ್ಲರ ಮನಸ್ಸಿನಲ್ಲಿ ಇದ್ದ ಮಾತು. ಮನಸ್ಸಿನಲ್ಲಿ ಎಂದು ಯಾಕೆ ಹೇಳುತ್ತೇನೆಂದರೆ, ಇಂಥ ವಿಷಯವನ್ನು ಹೊರಗೆ ಆಡುವ ಹಾಗಿಲ್ಲ. ಕೂಟದ ದಿನ ಗೊತ್ತಾದ ಮೇಲೆ ಯಾರೂ ಯಾರನ್ನೂ ನಿಮ್ಮ ಅಭಿಪ್ರಾಯವೇನು ಎಂದು ಕೇಳಬಾರದು. ಕೇಳಿದರೆ ಗುಂಪು ಕಟ್ಟಿದ ಹಾಗೆ. ಎಲ್ಲರೂ ಖಾಲಿ ಕೈಯಲ್ಲಿ ಬಂದು, ಅಲ್ಲಿಯೇ ಒಬ್ಬರ ಮಾತು ಒಬ್ಬರು ಕೇಳಿ, ಅಲ್ಲಿಯೇ ಮನಸ್ಸು ಮಾಡಬೇಕು. ಮಾತಾಡುವ ಸರದಿಯೂ ತಿರುಗುಮುರುಗು: ಎಲ್ಲರಿಗಿಂತ ಚಿಕ್ಕವರು ಮೊದಲು, ಹಿರಿಯರು ಕೊನೆಗೆ. ಹಿರಿಯರು ಮೊದಲು ಬಾಯಿ ತೆರೆದರೆ ಉಳಿದವರು ಹೂಂ ಎಂದುಬಿಡುತ್ತಾರೆಂಬ ಭಯ. ನಮ್ಮ ಊರ ಪಂಚಾಯಿತಿಯಲ್ಲಿ ಇದನ್ನು ಹೇಳಿದರೆ ನಕ್ಕಾರು.

ಆದರೆ ಕೂಟಕ್ಕೆ ಹೋಗುವ ಮೊದಲು ನನ್ನದೇ ಒಂದು ಗಂಟು ಬಿಡಿಸಬೇಕಾಗಿತ್ತು. ಅದು ಅರ್ಥವಾಗಬೇಕಾದರೆ ನಾವು ಲೈಡನ್ನಿಗೆ ಹೋದ ಕಥೆ ಹೇಳಬೇಕು.

ಅದಕ್ಕೂ ಎರಡು ವರ್ಷ ಮೊದಲು ದೊಡ್ಡವ್ವನೂ ಸೇರಿ ನಾವು ಏಳು ಮಂದಿ ಸದಸ್ಯರು ಬಸ್ಸು ಮಾಡಿಕೊಂಡು, ಹಾರ್ವಿಚ್ಚಿನಲ್ಲಿ ಹಡಗು ಹತ್ತಿ, ಬೇರೆಯಾದವರು ಇದ್ದ ಊರು ನೋಡಲು ಹೋಗಿದ್ದೆವು. ಯಾತ್ರೆ ಎಂದು ಹೊರಟದ್ದು. ಹಡಗಿನಲ್ಲಿ ಮೂವರಿಗೆ ವಾಂತಿ, ಒಬ್ಬರ ಔಷಧಿಯ ಡಬ್ಬಿ ಮನೆಯಲ್ಲೇ ಉಳಿದಿತ್ತು. ನಿವೃತ್ತಳಾದರೂ ನರ್ಸ್ ನರ್ಸೇ ಎಂದು ಎಲ್ಲರ ಬೆನ್ನು ಸವರುತ್ತಾ ಕೂತೆ. ಲೈಡನ್ನಿನಲ್ಲಿ ಒಬ್ಬ ಡಚ್ ಹೆಂಗಸು ನಮ್ಮನ್ನು ಸುತ್ತಾಡಿಸಿದಳು. ದೊಡ್ಡ ಇಟ್ಟಿಗೆ ಚರ್ಚು, ಅದರ ಎದುರಿನ ಓಣಿ, ಅಲ್ಲಿ ಅವರ ಸಭಾಪಾಲಕರ ಮನೆ ಇದ್ದ ಜಾಗ. ನೋಡಲು ಏನೂ ಇರಲಿಲ್ಲ. ಒಂದು ಗೋಡೆ, ಅದರ ಮೇಲೊಂದು ಫಲಕ, ಕೆಳಗೆ ಒರಗಿಸಿದ ಯಾರದೋ ಸೈಕಲ್.

ಆಮೇಲೆ ಬಟ್ಟೆಯ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು. ಇಂಗ್ಲೆಂಡಿನಲ್ಲಿ ಹೊಲಗದ್ದೆ ಮಾಡಿಕೊಂಡಿದ್ದ ಈ ಜನಕ್ಕೆ ಲೈಡನ್ನಿನಲ್ಲಿ ಸಿಕ್ಕಿದ್ದು ಉಣ್ಣೆಯ ಕೆಲಸ. ನೆಲ ಉತ್ತವರು ಉಣ್ಣೆ ಹಿಂಜಿದರು, ಮಗ್ಗಕ್ಕೆ ಕೂತರು. ಅಲ್ಲಿ ಹಳೆಯ ಕಾಲದ ಒಂದು ಮಗ್ಗವಿತ್ತು. ನಮ್ಮದರ ಹಾಗೆ ಗುಂಡಿಯಲ್ಲಿ ಕಾಲಿಡುವುದಲ್ಲ, ನೆಲದ ಮೇಲೆ ನಿಂತ ದೊಡ್ಡ ಮರದ ಚೌಕಟ್ಟು. ಒಬ್ಬ ಅದನ್ನು ನಡೆಸಿ ತೋರಿಸಿದ. ಆ ಸದ್ದು ಬಂದದ್ದೇ ತಡ, ನನಗೆ ಬೆಟಗೇರಿಯ ನಮ್ಮ ಮನೆಯ ನಡುಮನೆ ಕಣ್ಣಿಗೆ ಕಟ್ಟಿತು. ಅಜ್ಜ ಸಂಜೆ ಮಗ್ಗದ ಗುಂಡಿಯಿಂದ ಎದ್ದರೆ ಕಾಲು ನೆಟ್ಟಗಾಗಲು ಹೊತ್ತು ಹಿಡಿಯುತ್ತಿತ್ತು. ಗೋಡೆ ಹಿಡಿದು ನಿಲ್ಲುತ್ತಿದ್ದ. ಸಭೆಯಲ್ಲಿ ಪ್ರಾರ್ಥನೆ ಮಾಡುವಾಗ ಅವನ ತಲೆ ಬಾಗಿರುತ್ತಿತ್ತು. ಎಲ್ಲರೂ ಅದನ್ನು ಭಕ್ತಿ ಎಂದುಕೊಂಡಿದ್ದರು. ಅವನ ಕುತ್ತಿಗೆ ಅದಕ್ಕಿಂತ ಮೇಲೆ ಏಳುತ್ತಲೇ ಇರಲಿಲ್ಲ.

ಡಚ್ ಹೆಂಗಸು ಹೇಳುತ್ತಾ ಹೋದಳು. ಹಾಲೆಂಡಿನಲ್ಲಿ ಅವರ ಪ್ರಾರ್ಥನೆಗೆ ಯಾರ ಅಡ್ಡಿಯೂ ಇರಲಿಲ್ಲವಂತೆ. ನಂಬಿಕೆಯ ಸ್ವಾತಂತ್ರ್ಯ ಅಲ್ಲಿಯೇ ಸಿಕ್ಕಿತ್ತು. ಮತ್ತೆ ಯಾಕೆ ಹೋದರೆಂದರೆ, ಅವರೇ ಬರೆದಿಟ್ಟ ಕಾರಣಗಳಲ್ಲಿ ಮೊದಲು ಬರುವುದು ಕೆಲಸದ ಕಷ್ಟ. ದುಡಿದು ದುಡಿದು ವಯಸ್ಸಿಗೆ ಮೊದಲೇ ಮುದುಕರಾಗುತ್ತಿದ್ದರು. ಮಕ್ಕಳ ಬೆನ್ನೂ ಬಾಗತೊಡಗಿತ್ತು. ಮಕ್ಕಳು ದಾರಿ ತಪ್ಪುವ ಭಯ, ಯುದ್ಧದ ಭಯ, ದೇವರ ಮಾತು ದೂರಕ್ಕೆ ಮುಟ್ಟಿಸುವ ಆಸೆ, ಎಲ್ಲವೂ ಇದ್ದವು. ಆದರೆ ದಣಿವಿನ ಮಾತನ್ನು ಅವರು ಮುಚ್ಚಿಡಲಿಲ್ಲ. ಇಷ್ಟು ವರ್ಷ ನಾನು ಮಕ್ಕಳಿಗೆ ಹೇಳಿದ ಕಥೆಯಲ್ಲಿ ಈ ಊರು ಒಂದು ವಾಕ್ಯವಾಗಿತ್ತು. ಹಡಗಿನಿಂದ ಹಡಗಿಗೆ ಜಿಗಿಯುವ ಆತುರದಲ್ಲಿ ನಡುವಿನ ಹನ್ನೆರಡು ವರ್ಷದ ದುಡಿಮೆಯನ್ನು ನಾನು ಬಿಟ್ಟೇಬಿಟ್ಟಿದ್ದೆ, ನೇಕಾರನ ಮೊಮ್ಮಗಳಾಗಿಯೂ.

ಇನ್ನೊಂದು ವಿಷಯವನ್ನೂ ಅವಳು ಹೇಳಿದಳು. ಎಲ್ಲರೂ ಹೋಗಲಿಲ್ಲ. ಹೋಗುವವರು ಕಡಿಮೆ, ಇರುವವರು ಹೆಚ್ಚು. ಹೆಚ್ಚಿನವರು ಎಲ್ಲಿರುತ್ತಾರೋ ಸಭಾಪಾಲಕರು ಅಲ್ಲಿಯೇ ಇರಬೇಕೆಂದು ಮೊದಲೇ ಒಪ್ಪಂದವಾಗಿತ್ತು. ಹೀಗಾಗಿ ಅವರು ಲೈಡನ್ನಿನಲ್ಲಿಯೇ ಉಳಿದರು, ಅಲ್ಲಿಯೇ ತೀರಿಕೊಂಡರು. ಮುಂದೆ ಇಲ್ಲಿಯವರು ಅಲ್ಲಿಗೆ ಹೋದರೂ, ಅಲ್ಲಿಯವರು ಇಲ್ಲಿಗೆ ಬಂದರೂ, ಯಾರೂ ಯಾರಿಂದಲೂ ಪತ್ರ ಕೇಳಬಾರದು, ಒಂದೇ ಸಭೆಯವರೆಂದು ಸೇರಿಸಿಕೊಳ್ಳಬೇಕು ಎಂಬುದೂ ಒಪ್ಪಂದದಲ್ಲಿತ್ತು. ಪತ್ರ ಎಂದ ಕೂಡಲೇ ನಾನು ಕಿಟಕಿಯ ಹೊರಗೆ ನೋಡಿದೆ.

ನನ್ನ ಗಂಟು ಅದೇ. ನಮ್ಮ ಕ್ರೈಸ್ತರಲ್ಲಿ ಊರು ಬಿಟ್ಟು ಊರಿಗೆ ಹೋಗುವವರಿಗೆ ಸಭಾಪಾಲಕರಾದ ಅಯ್ಯನವರು ಒಂದು ಪತ್ರ ಕೊಡುತ್ತಾರೆ. ಈಕೆ ನಮ್ಮ ಸಭೆಯವಳು, ನಡತೆಯಲ್ಲಿ ಕುಂದಿಲ್ಲ, ನಿಮ್ಮಲ್ಲಿ ಸೇರಿಸಿಕೊಳ್ಳಿ ಎಂದು. ಅದನ್ನು ಹೊಸ ಸಭೆಗೆ ಕೊಟ್ಟರೆ ಹಳೆಯ ಸಭೆಯಲ್ಲಿ ಹೆಸರು ಹೊಡೆಯುತ್ತಾರೆ. ನನಗೂ ಕೊಟ್ಟಿದ್ದರು. ನಾನು ಅದನ್ನು ಇಲ್ಲಿ ಯಾರಿಗೂ ಕೊಡಲೇ ಇಲ್ಲ. ಯಾಕೆಂದರೆ ಊರಿನ ಸಭೆಯ ಸಮಾಧಿ ಭೂಮಿಯಲ್ಲಿ ಸದಸ್ಯರಿಗೆ ಮಾತ್ರ ಜಾಗ. ನನ್ನವ್ವ ಅಲ್ಲಿ ಒಂದು ಬೇವಿನ ಗಿಡದ ಹತ್ತಿರ ಮಲಗಿದ್ದಾಳೆ. ಹೆಸರು ಹೊಡೆಸಿಕೊಂಡರೆ ಅವಳ ಮಗ್ಗುಲು ತಪ್ಪುತ್ತದೆಂದು ಪತ್ರವನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗಿಟ್ಟೆ. ಚಾಪೆಲಿನವರು ಪತ್ರ ಬರುತ್ತದೆಂದು ನಂಬಿ ಕೈ ಎತ್ತಿ ನನ್ನನ್ನು ಸೇರಿಸಿಕೊಂಡಿದ್ದರು. ಎರಡು ದೋಣಿಯಲ್ಲಿ ಎರಡು ಕಾಲಿಟ್ಟು ನಲವತ್ತು ವರ್ಷ ಕೂಟಗಳಲ್ಲಿ ಕೈ ಎತ್ತಿದೆ, ಇಳಿಸಿದೆ. ಕಿಟಕಿಯ ಬಣ್ಣಕ್ಕೆ ಕೈ ಎತ್ತುವುದು ಬೇರೆ. ಸಭೆ ಇರಬೇಕೋ ಬೇಡವೋ ಎಂಬುದಕ್ಕೆ ಸದಸ್ಯಳೇ ಅಲ್ಲದವಳು ಕೈ ಎತ್ತಬಹುದೇ?

ಮನೆಯವರು ಕ್ರಿಸ್ಮಸ್ಸಿಗೊಮ್ಮೆ, ಈಸ್ಟರಿಗೊಮ್ಮೆ ಬರುವ ಭಕ್ತರು. ಅವರಿಗೆ ಇದನ್ನು ಹೇಳಿದೆ. ಅವರು ಚಹಾ ಬಸಿಯಲ್ಲಿ ಸುರುವಿಕೊಳ್ಳುತ್ತಾ ನಕ್ಕರು.

"ಒಂಬತ್ತ ಮಂದಿ ಇದ್ದೀರಿ. ನಾಕ ಮಂದಿಗೆ ಕಿವಿ ಕೇಳಂಗಿಲ್ಲ, ಮೂರ ಮಂದಿ ಪ್ರಸಂಗದಾಗ ಮಲಗ್ತೀರಿ. ಅದರಾಗ ನೀ ಒಬ್ಬಾಕಿ ಕಳ್ಳ ಸದಸ್ಯ ಆದ್ರ ಏನ ಮುಳಗ್ತೈತಿ?"

"ನಿಮಗ ಎಲ್ಲಾ ಚ್ಯಾಷ್ಟಿನ ರೀ."

"ಚ್ಯಾಷ್ಟಿ ಅಲ್ಲ. ಆ ಮುದುಕಿಗೆ ಹೋಗಿ ಹೇಳು. ಆದ್ರ ಒಂದು. ಆಕಿ ಮಾರಿ ನೋಡಿ ಮಾತ್ರ ಕೈ ಎತ್ತಬ್ಯಾಡ. ನೀ ಮಂದಿ ಮಾರಿ ನೋಡಿನ ಅರ್ಧಾ ಆಯುಷ್ಯ ಕಳದೀ."

ಕೂಟಕ್ಕೆ ಮೂರು ದಿನವಿತ್ತು. ದೊಡ್ಡವ್ವನ ಮನೆಗೆ ಹೋದೆ. ಬಾಗಿಲು ತೆಗೆಯಲು ಬಹಳ ಹೊತ್ತು ಹಿಡಿಯಿತು. ಒಳಗೆ ಹೋದವಳಿಗೆ ಮೊದಲು ಕಂಡದ್ದು ಮುಂದಿನ ಕೋಣೆಯ ಮೂಲೆಯಲ್ಲಿ ಹಾಕಿದ್ದ ಒಂಟಿ ಮಂಚ. ಮಾಳಿಗೆಯ ಕೋಣೆಗೆ ಹತ್ತುವುದನ್ನು ಬಿಟ್ಟಿದ್ದಾಳೆಂದು ತಿಳಿಯಿತು. ಕಾಲು ಬಾತು ಚಪ್ಪಲಿಯ ಅಂಚು ಮಾಂಸದೊಳಗೆ ಇಳಿದಿತ್ತು. ಟೆಲಿಫೋನಿನ ಪಕ್ಕದಲ್ಲಿ ಬೋಧಕರ ಹೆಸರುಗಳ ಪಟ್ಟಿ. ಬರುವುದಿಲ್ಲ ಎಂದವರ ಮೇಲೆ ಗೀಟು. ಗೀಟಿಲ್ಲದ ಹೆಸರು ಹುಡುಕಬೇಕಾಗಿತ್ತು. ಕೆಟಲಿಗೆ ನೀರು ತುಂಬಿ ಎತ್ತಲು ಹೋದವಳು ಅದನ್ನು ಹಾಗೆಯೇ ಹಿಡಿದು ನಿಂತಳು. ನಾನು ಕೈಯಿಂದ ತೆಗೆದುಕೊಂಡೆ. ಬೇಡ ಎನ್ನಲಿಲ್ಲ. ನನ್ನ ಇಷ್ಟು ವರ್ಷದ ಪರಿಚಯದಲ್ಲಿ ಅವಳು ಬೇಡ ಎನ್ನದೆ ಬಿಟ್ಟುಕೊಟ್ಟದ್ದು ಅದೇ ಮೊದಲು.

ಚಹಾ ಕುಡಿಯುತ್ತಾ ಪತ್ರದ ವಿಷಯ ಹೇಳಿದೆ. ಅವ್ವನ ಬೇವಿನ ಗಿಡದ ತನಕ ಎಲ್ಲ ಹೇಳಿ, ಕೂಟದಲ್ಲಿ ನಾನು ಕೈ ಎತ್ತುವುದು ಸರಿಯಲ್ಲ ಎಂದೆ. ಅವಳು ಬಿಸ್ಕತ್ತನ್ನು ಚಹಾದಲ್ಲಿ ಅದ್ದುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ. ಸದಸ್ಯರ ಪುಸ್ತಕದಾಗ ನಿನ್ನ ಹೆಸರಿನ ಮುಂದ ಪತ್ರದ ಜಾಗಾ ಖಾಲಿ ಐತಿ. ಮೊದಲಿಂದ ನೋಡ್ಕೋತ ಬಂದೀನಿ."

"ಮತ್ಯಾಕ ಕೇಳಲಿಲ್ಲ ನೀವು?"

"ಕೊಡೂದಿದ್ರ ನೀನ ಕೊಡತಿದ್ದಿ. ಲೈಡನ್ನಿನಾಗ ಆ ಹೆಣ್ಮಗಳು ಹೇಳಿದ್ದು ಕೇಳಿಲ್ಲೇನು? ಅಲ್ಲಿಯವರು ಇಲ್ಲಿಗೆ ಬಂದ್ರ ಕಾಗದ ಬ್ಯಾಡಂತ. ನೀ ಆ ಕಡೆಯಿಂದ ಬಂದಾಕಿ ಅಂತ ತಿಳಕೊಂಡೀನಿ. ತಾಯಿ ಮಗ್ಗಲಕ ಮಲಗಬೇಕಂದ್ರ ಮಲಗು. ಅಲ್ಲೀತನಕ ಇಲ್ಲೆ ಕೈ ಎತ್ತು."

ಇಷ್ಟೇ. ನಲವತ್ತು ವರ್ಷ ನಾನು ಹೊತ್ತದ್ದನ್ನು ಅವಳು ಒಂದು ಬಿಸ್ಕತ್ತು ಮುಗಿಯುವಷ್ಟರಲ್ಲಿ ಇಳಿಸಿದಳು. ಹೊರಡುವಾಗ ಅವಳು ನನ್ನ ಕೈ ಹಿಡಿದು ಏನೋ ಹೇಳಲು ಹೋದಳು. ನಾನೂ ಮಂಚದ ಕಡೆ, ಅವಳ ಕಾಲಿನ ಕಡೆ ನೋಡಿ ಏನೋ ಕೇಳಲು ಹೋದೆ. ಕೂಟಕ್ಕೆ ಮೊದಲು ಕೇಳಬಾರದು, ಹೇಳಬಾರದು. ಇಬ್ಬರೂ ಬಾಯಿ ಮುಚ್ಚಿಕೊಂಡೆವು. ಬಸ್ಸಿನಲ್ಲಿ ಬರುತ್ತಾ ಅನ್ನಿಸಿತು, ಈಕೆ ಬಾಗಿಲು ತೆರೆದಿರಬೇಕೆಂದು ಎಂದಾದರೂ ಬಾಯಿಬಿಟ್ಟು ಹೇಳಿದ್ದಾಳೆಯೇ? ನೆನಪು ಮಾಡಿಕೊಂಡೆ. ಹೇಳಿರಲಿಲ್ಲ. ನಾವೇ ಅಂದುಕೊಂಡಿದ್ದೆವು. ಹಾಗೆಂದು ಮುಚ್ಚಬೇಕೆಂದೂ ಹೇಳಿರಲಿಲ್ಲ. ನನ್ನ ಊಹೆ ತಪ್ಪಾಗಿ, ನನ್ನ ಒಂದು ಮಾತಿನಿಂದ ಅವಳು ಹುಟ್ಟಿ ಬೆಳೆದ ಮನೆಯ ಬಾಗಿಲು ಮುಚ್ಚಿದರೆ? 

ಕೂಟ ಸೇರಿದ್ದು ಭಾನುವಾರ ಮಧ್ಯಾಹ್ನ ಮೂರಕ್ಕೆ. ಆ ವಾರ ಮೂರರ ನಂತರ ನಮ್ಮ ಓಣಿಗೆ ಸದ್ದಿರಲಿಲ್ಲ. ಒಂಬತ್ತು ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಕಾರ್ಯದರ್ಶಿಯವರು ಘಾನಾದಿಂದ ಬಂದವರು, ಈ ಊರಿನಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವರು. ಅವರು ಒಂದು ಪ್ರಾರ್ಥನೆ ಮಾಡಿ, ಪ್ರಶ್ನೆ ಓದಿ, ಕುಳಿತರು. ಒಬ್ಬೊಬ್ಬರೇ ಮಾತಾಡಿದರು. ಎಲ್ಲರಿಗಿಂತ ಚಿಕ್ಕವರಿಗೆ ಐವತ್ತರ ಮೇಲಾಗಿತ್ತು ಎಂದರೆ ನಮ್ಮ ಸಭೆಯ ಸ್ಥಿತಿ ನಿಮಗೆ ತಿಳಿದೀತು. ನಡೆಸೋಣ ಎಂದರು. ಎರಡನೆಯವರು, ಮೂರನೆಯವರು, ಎಲ್ಲರದೂ ಅದೇ. ಇನ್ನೊಂದು ವರ್ಷ ನೋಡೋಣ, ದೇವರು ದಾರಿ ತೋರಿಸುತ್ತಾನೆ ಎಂದರು. ಕಾರ್ಯದರ್ಶಿಯವರೂ ಹಾಗೆಯೇ ಎಂದರು. ಹೇಳುವಾಗ ಪ್ರತಿಯೊಬ್ಬರೂ ಒಮ್ಮೆ ದೊಡ್ಡವ್ವನ ಕಡೆ ನೋಡಿ ಸಣ್ಣಗೆ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆ ನಗುವನ್ನು ನಾನು ವಾರ್ಡಿನಲ್ಲಿ ಕಂಡಿದ್ದೆ. ನೋಡಲು ಬಂದ ಮಕ್ಕಳೆದುರು ರೋಗಿಗಳು ನಗುವ ನಗು ಅದು. ಮಕ್ಕಳು ಹೋದ ಮೇಲೆ ದಿಂಬಿಗೆ ಒರಗಿದರೆಂದರೆ ನೀರು ಬೇಕೇ ಎಂದರೂ ಉತ್ತರವಿರುವುದಿಲ್ಲ.

ಏಳು ಮಂದಿಯ ಮಾತು ಮುಗಿಯಿತು. ಎಂಟನೆಯವಳು ನಾನು, ಕೊನೆಯವಳು ಅವಳು.

ಇನ್ನೊಬ್ಬರ ಪರವಾಗಿ ಮಾತಾಡುವಂತಿಲ್ಲ, ಅದೂ ಅಲ್ಲಿಯ ಪದ್ಧತಿ. ದೊಡ್ಡವ್ವನಿಗೆ ಆಗುವುದಿಲ್ಲ ಎಂದು ನಾನು ಹೇಳುವ ಹಾಗಿರಲಿಲ್ಲ. ನನಗೆ ಹೇಳಲು ಬರುವುದು ಕಥೆಯೊಂದೇ. ಲೈಡನ್ನಿನ ಮಗ್ಗದ ಮಾತು ತೆಗೆದೆ. ಆ ಜನ ಹೊರಟದ್ದು ಧೈರ್ಯದಿಂದ ಎಂದು ಇಷ್ಟು ವರ್ಷ ಮಕ್ಕಳಿಗೆ ಹೇಳಿದೆ, ಅವರು ದಣಿದೂ ಇದ್ದರು, ಅದನ್ನು ನಾಚದೆ ಬರೆದಿಟ್ಟರು ಎಂದೆ. ಹೋದವರೂ ಸಭೆಯೇ, ಉಳಿದವರೂ ಸಭೆಯೇ ಆಗಿದ್ದರು ಎಂದೆ. ನನ್ನ ಮಾತು ನಡುವೆ ನಿಂತುಹೋಯಿತು. ಆಮೇಲೆ ಇದ್ದದ್ದನ್ನು ಹೇಳಿಬಿಟ್ಟೆ.

"ನನಗೆ ದಣಿವಾಗಿದೆ. ಭಾನುವಾರ ಎಂದರೆ ಶನಿವಾರ ರಾತ್ರಿಯೇ ಮೈ ಭಾರವಾಗುತ್ತದೆ. ದೇವರ ಮೇಲಿನ ಭಕ್ತಿ ಕಡಿಮೆಯಾಗಿಲ್ಲ. ಆದರೆ ಈ ಬಾಗಿಲಿಗೆ ಬರುವುದು ಇನ್ನು ನನ್ನಿಂದ ಆಗುವುದಿಲ್ಲ."

ಕುರ್ಚಿಯೊಂದು ಕಿರ್ರೆಂದಿತು. ನನ್ನ ಎದುರಿನ ಹೆಂಗಸು, ಹಾಡಿಗೆ ಪಿಯಾನೋ ನುಡಿಸುವವಳು, ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಮುದುಕಿಯ ಎದುರಿನಲ್ಲಿ ಇದೇನು ಮಾತು ಎನ್ನುವ ಹಾಗಿತ್ತು. ನಾನು ದೊಡ್ಡವ್ವನ ಕಡೆ ನೋಡಲಿಲ್ಲ. ಮನೆಯವರ ಮಾತು ನೆನಪಿಟ್ಟುಕೊಂಡೇ ನೋಡಲಿಲ್ಲ. ಆಚೆ ಓಣಿಯ ಮೇಲೆ ವಿಮಾನಗಳು ಹೋಗುವುದು ದೂರದಿಂದ ಕೇಳುತ್ತಿತ್ತು. ಒಂದು ಹೋಯಿತು, ಇನ್ನೊಂದು ಹೋಯಿತು.

ಅವಳು ಎದ್ದು ನಿಂತು ಮಾತಾಡುವುದು ರೂಢಿ. ಆ ದಿನ ಕುಳಿತೇ ಮಾತಾಡಿದಳು.

"ನೀವೆಲ್ಲಾ ನನ್ನ ಸಲುವಾಗಿ ಬರತೀರಿ ಅಂತ ನನಗ ತಿಳೀತಿತ್ತು. ಇಷ್ಟು ದೂರದಿಂದ ಬರೋರಿಗೆ ಬಾಗಲಾ ಮುಚ್ಚಿರಬಾರದು ಅಂತ ನಾ ಎದ್ದು ಬಂದು ತಗೀತಿದ್ದೆ. ಹೋದ ವರ್ಷದಿಂದ ಪ್ರತಿ ಶನಿವಾರ ದೇವರಿಗೆ ಒಂದ ಬೇಡಿಕೊಂಡೀನಿ, ನಾಳೆ ಯಾರೂ ಬರದಂಗ ಮಾಡಪ್ಪಾ ಅಂತ. ಒಂದು ವಾರಾನೂ ಕೇಳಲಿಲ್ಲ ಆತ."

ಕಾರ್ಯದರ್ಶಿಯವರು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಯಾರೋ ನಗಲು ಶುರು ಮಾಡಿ ಅಳುವಿನಲ್ಲಿ ಮುಗಿಸಿದರು. ಮುಚ್ಚುವುದಕ್ಕೆ ಒಪ್ಪಿಗೆ ಇರುವವರು ಕೈ ಎತ್ತಿ ಎಂದು ಕಾರ್ಯದರ್ಶಿಯವರು ಹೇಳಿದಾಗ ಮೊದಲು ಎದ್ದದ್ದು ದೊಡ್ಡವ್ವನ ಕೈ. ಮೊಣಕೈಯನ್ನು ಇನ್ನೊಂದು ಕೈಯಿಂದ ಆನಿಸಿಕೊಂಡು ಎತ್ತಿದಳು. ನನ್ನದು ಎರಡನೆಯದು. ಉಳಿದವು ನಿಧಾನಕ್ಕೆ ಎದ್ದವು. ಪಿಯಾನೋದವಳು ಎತ್ತಲಿಲ್ಲ. ಅವಳ ಹೆಸರಿನ ಮುಂದೆ ವಿರೋಧ ಎಂದು ಬರೆಯಬೇಕೆಂದು ಅವಳೇ ಹೇಳಿದಳು, ಬರೆದರು.

ಕೊನೆಯ ಆರಾಧನೆ ಜುಲೈಯಲ್ಲಿ ನಡೆಯಿತು. ಎಲ್ಲಿಂದಲೋ ತುಂಬ ಜನ ಬಂದಿದ್ದರು. ಇವರೆಲ್ಲ ಇಷ್ಟು ವರ್ಷ ಎಲ್ಲಿದ್ದರೋ ಎಂದು ನಾವು ಒಂಬತ್ತು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಚದುರಿದೆವು. ಕಾರ್ಯದರ್ಶಿಯವರು ಸ್ಟ್ರಾಟ್‌ಫರ್ಡಿನಲ್ಲಿರುವ ಮಗಳ ಮನೆಯ ಹತ್ತಿರದ ಸಭೆ ಸೇರಿದರು. ಇನ್ನು ಕೆಲವರು ಎಲ್ಲಿಯೂ ಸೇರಲಿಲ್ಲ. ಪಿಯಾನೋದವಳು ಬಸ್ ಸ್ಟಾಪಿನಲ್ಲಿ ಸಿಕ್ಕಾಗ, ನೀನು ಆ ದಿನ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿದಳು. ಏನಾಗುತ್ತಿತ್ತೋ ನನಗೂ ಗೊತ್ತಿಲ್ಲ ಎಂದೆ. ಅದು ನಿಜ. ಕೆಲವು ಬೆಳಿಗ್ಗೆ ನನಗೂ ಅವಳ ಪ್ರಶ್ನೆಯೇ ಸರಿ ಎನ್ನಿಸುತ್ತದೆ. ಕಟ್ಟಡದ ಮುಂದೆ ಈಗ ಹಲಗೆ ಬಡಿದಿದ್ದಾರೆ. ಆ ದಾರಿ ಬಿಟ್ಟು ಸುತ್ತು ಹಾಕಿ ನಡೆಯುವುದನ್ನು ಕಾಲು ತಾನಾಗಿಯೇ ಕಲಿತಿದೆ.

ಮುಚ್ಚಿದ ನಂತರದ ಮೊದಲ ಭಾನುವಾರ ಎಂದಿನ ಹೊತ್ತಿಗೆ ಎಚ್ಚರವಾಯಿತು. ಏನು ಮಾಡಬೇಕೆಂದು ತೋಚದೆ, ಡಬ್ಬಿಯಲ್ಲಿ ಸ್ವಲ್ಪ ಚಿತ್ರಾನ್ನ ಹಾಕಿಕೊಂಡು ದೊಡ್ಡವ್ವನ ಮನೆಗೆ ಹೋದೆ. ಕರೆಗಂಟೆ ಒತ್ತಿದರೆ ಸದ್ದಿಲ್ಲ. ಹೆದರಿಕೆಯಾಯಿತು. ನೆರೆಮನೆಯ ಪಂಜಾಬಿ ಹೆಂಗಸಿನ ಹತ್ತಿರ ಕೀಲಿಕೈ ಇತ್ತು, ತೆಗೆಸಿಕೊಂಡು ಒಳಗೆ ಹೋದೆ. ಮೂಲೆಯ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹತ್ತಿರ ಹೋಗಿ ಹಳೆಯ ಅಭ್ಯಾಸದಿಂದ ಉಸಿರು ನೋಡಿದೆ. ಉಸಿರು ಒಂದೇ ಸಮನೆ ಬರುತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಬೆಳಗಿನ ಹತ್ತೂಮುಕ್ಕಾಲು. ಅವಳ ಜನ್ಮದಲ್ಲಿ ಭಾನುವಾರದ ದಿನ, ಆ ಹೊತ್ತಿಗೆ, ಅವಳು ಹಾಗೆ ಮಲಗಿದ್ದು ಇರಲಿಕ್ಕಿಲ್ಲ.

ಎಬ್ಬಿಸಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕುಳಿತೆ. ತಲೆಯ ಮೇಲೆ ವಿಮಾನಗಳು ಹೋದವು. ಅವಳು ಮಿಸುಕಲಿಲ್ಲ. ಯಾವಾಗ ನನ್ನ ಕಣ್ಣೂ ಮುಚ್ಚಿದವೋ ತಿಳಿಯದು. ಯಾರೋ ಮೊಣಕಾಲು ತಟ್ಟಿದಂತಾಗಿ ಕಣ್ಣು ಬಿಟ್ಟರೆ, ಅವಳು ಮಂಚದ ಅಂಚಿನಲ್ಲಿ ಕೂದಲು ಕೆದರಿಕೊಂಡು ಕುಳಿತು ನನ್ನ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು.

"ಎಷ್ಟೊತ್ತಾತು?" ಎಂದೆ.

"ಗೊತ್ತಿಲ್ಲ," ಎಂದಳು. "ಮಧ್ಯಾಹ್ನ ಆಗಿರಬೇಕು. ಚಮಚಾ ಎಲ್ಲೈತಿ ನೋಡು, ನನಗ ಏಳಾಕ ಆಗವಲ್ದು."

ಎದ್ದು ಹೋಗಿ ಎರಡು ಚಮಚ ತಂದೆ.